ಬೇಲಿಯ ಬಲವು ಮೂಲೆಗಂಬದಲ್ಲಿ

ಬೆಳೆಯನ್ನು ಬೆಳೆಯುವುದು ಒಂದು ಕಾಯಕ. ಬೆಳೆದುದನ್ನು ಕಾಯುವುದು ಇನ್ನೊಂದು ಕಾಯಕ. ಮೊದಲನೆಯದರಲ್ಲಿ ಎಷ್ಟು ಬೆವರು ಸುರಿಸಿದರೂ ಎರಡನೆಯದರಲ್ಲಿ ಅಜಾಗರೂಕನಾದವನಿಗೆ ಫಲವು ಕೈಸೇರದು. ದೂರಿಕೊಳ್ಳಲು ತಾಣವೇ ಇಲ್ಲದ ವಿಪತ್ತುಗಳನ್ನು ಎಣಿಸುವಾಗ ಬಸವಣ್ಣನವರು ಒಂದು ವಚನದಲ್ಲಿ ಬೆಳೆಯನ್ನು ಮೇಯುವ ಬೇಲಿಯ ದೃಷ್ಟಾಂತವನ್ನೂ ಸೇರಿಸಿರುವರು. ಅಲ್ಲಿಯ ಬೇಲಿಯು ಕಾಯಬೇಕಾದವರ ನಡತೆಗೆ ಸಂಕೇತ. ಆದರೆ ಹೊಲದ ನಿಜವಾದ ಬೇಲಿಯೂ ನಂಬಿಕೆಗೆ ಪಾತ್ರವಾದ ವಸ್ತುವೇ. ಅದನ್ನು ನಂಬಿ ಗೃಹಸ್ಥನು ರಾತ್ರಿ ನಿದ್ರಿಸುವನು. ಆದುದರಿಂದ ಅದನ್ನು ನಿಲ್ಲಿಸುವ ಕ್ರಮವನ್ನು ಅರಿಯುವುದು ಆವಶ್ಯಕ.

ಪೂರ್ವದಲ್ಲಿ ಕನ್ನಡ ನಾಡಿನ ರೈತರು ಕಳ್ಳಿ, ಕತ್ತಾಳೆ, ಜಾಲಿಮುಳ್ಳುಗಳಿಂದಲೇ ಹೊಲವನ್ನು ಕಾಯುತ್ತಿದ್ದರು. ಅಮೆರಿಕದ ಜೋಸೆಫ್ ಗ್ಲಿಡನ್ ಎಂಬ ರೈತನು 1874ರಲ್ಲಿ ತನ್ನ ಮುಳ್ಳುತಂತಿಗೆ ಪೇಟೆಂಟ್ ಪಡೆದನು. ಕ್ರಮೇಣ ತಂತಿಬೇಲಿಯು ಲೋಕದಲ್ಲೆಲ್ಲ ಹಬ್ಬಿತು. ಕಳ್ಳಿಯ ಬೇಲಿಯು ತನ್ನ ಬೇರಿನಿಂದಲೇ ನಿಲ್ಲುವುದು. ತಂತಿಗಾದರೋ ಬೇರಿಲ್ಲ, ಕಂಬವೇ ಅದರ ಬೇರು. ಕಂಬವು ಸಡಿಲವಾದರೆ ಎಷ್ಟು ಬೆಲೆಯ ತಂತಿಯಾದರೂ ವ್ಯರ್ಥ.

ಕಂಬಕ್ಕೆ ಗುಂಡಿ ತೋಡುವ ಮುನ್ನ ಗಡಿಯನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಬಾಂದುಕಲ್ಲು ಕಾಣದಿದ್ದರೆ ಭೂಮಾಪನ ಇಲಾಖೆಗೆ ಅರ್ಜಿ ಕೊಟ್ಟು ಹದ್ದುಬಸ್ತು ಮಾಡಿಸಿಕೊಳ್ಳುವುದು ನ್ಯಾಯಮಾರ್ಗ. ಅಳತೆಯ ದಿನ ನೆರೆಯವನನ್ನೂ ಕರೆದು, ಅವನ ಸಮಕ್ಷಮದಲ್ಲಿಯೇ ಹಗ್ಗ ಹಿಡಿಯಬೇಕು. ಒಂದು ಮೊಳ ನೆಲದ ಆಸೆಯಿಂದ ಹುಟ್ಟಿದ ವ್ಯಾಜ್ಯವು ಎರಡು ತಲೆಮಾರಿನ ಸ್ನೇಹವನ್ನು ನುಂಗುವುದು.

ಚೌಕವಾದ ಒಂದು ಎಕರೆಯ ಒಂದೊಂದು ಪಾರ್ಶ್ವವು ಸುಮಾರು 209 ಅಡಿ. ಸುತ್ತಳತೆಯು ಸುಮಾರು 835 ಅಡಿ. 10 ಅಡಿಗೊಂದರಂತೆ ನೆಟ್ಟರೆ 84 ಕಂಬಗಳು ಬೇಕಾಗುವುವು. ಮೊದಲು ನಾಲ್ಕು ಮೂಲೆಯ ಕಂಬಗಳನ್ನೂ ಬಾಗಿಲಿನ ಕಂಬಗಳನ್ನೂ ನೆಟ್ಟು, ಅವುಗಳ ನಡುವೆ ದಾರ ಬಿಗಿದು, ಆ ಗೆರೆಯ ಮೇಲೆ ಉಳಿದವನ್ನು ನಿಲ್ಲಿಸಬೇಕು. 7 ಅಡಿಯ ಕಲ್ಲುಕಂಬಕ್ಕೆ 2 ಅಡಿಯಾದರೂ ನೆಲದೊಳಗಿರಬೇಕು. ಮೂಲೆಗಂಬವು ಇನ್ನೂ ದಪ್ಪವಾಗಿ, ಉದ್ದವಾಗಿ, 3 ಅಡಿ ಆಳದಲ್ಲಿ ಕೂತಿರಬೇಕು.

ಗುಂಡಿಯನ್ನು ಮುಚ್ಚುವುದರಲ್ಲಿ ಆತುರ ಸಲ್ಲದು. ಮಣ್ಣನ್ನೆಲ್ಲ ಒಮ್ಮೆಲೇ ಸುರಿದು ಮೇಲೆ ತುಳಿದರೆ, ಮೇಲ್ಪದರ ಮಾತ್ರ ಗಟ್ಟಿಯಾಗಿ ಬುಡವು ಟೊಳ್ಳಾಗಿ ಉಳಿಯುವುದು. ಅರ್ಧ ಅಡಿ ಮಣ್ಣು ಹಾಕಿ, ಹಾರೆಯ ಬುಡದಿಂದ ಸುತ್ತಲೂ ಕುಟ್ಟಿ, ಮತ್ತೆ ಅರ್ಧ ಅಡಿ ಹಾಕಬೇಕು. ಮಣ್ಣು ತುಸು ಹಸಿಯಾಗಿರಬೇಕೇ ಹೊರತು ಕೆಸರಾಗಿರಬಾರದು. ಎರೆಭೂಮಿಯು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಸ್ವಭಾವದ್ದು. ಅಲ್ಲಿ ಗುಂಡಿಯನ್ನು ಇನ್ನಷ್ಟು ಆಳಮಾಡಿ ಗರಸನ್ನೂ ಕಲ್ಲುಚೂರನ್ನೂ ತುಂಬುವುದು ಲೇಸು. ಮರದ ಕಂಬವು ಮೊದಲು ಕೊಳೆಯುವುದು ನೆಲಮಟ್ಟದಲ್ಲಿ. ಆದಕಾರಣ ಬುಡದಲ್ಲಿ ಮಣ್ಣನ್ನು ದಿಬ್ಬದಂತೆ ಏರಿಸಿ, ನೀರು ಹೊರಕ್ಕೆ ಹರಿಯುವಂತೆ ಮಾಡತಕ್ಕದ್ದು.

ಇನ್ನು ಮುಖ್ಯವಾದ ವಿಷಯ ಆಸರೆಯದು. ಸಾಲಿನ ನಡುವಿನ ಕಂಬವನ್ನು ತಂತಿಯು ಎರಡು ಕಡೆಗೂ ಸಮನಾಗಿ ಎಳೆಯುವುದರಿಂದ ಆ ಎಳೆತಗಳು ಒಂದನ್ನೊಂದು ಕಳೆಯುವುವು. ಮೂಲೆಗಂಬಕ್ಕೆ ಆ ಸೌಕರ್ಯವಿಲ್ಲ. ಒಂದೊಂದು ಎಳೆಯು 100 ಕಿಲೋಗ್ರಾಂ ಭಾರದಷ್ಟು ಎಳೆದರೆ, 5 ಎಳೆಗಳ ಒಂದು ಸಾಲಿನಿಂದಲೇ 500 ಕಿಲೋಗ್ರಾಂ ಎಳೆತವು ಅದರ ಮೇಲೆ ಹಗಲಿರುಳೂ ಇರುವುದು. ಇದನ್ನು ತಡೆಯಲು ಓರೆಯಾಗಿ ನಿಲ್ಲಿಸುವ ಕಲ್ಲನ್ನು ರೈತರು ‘ಸಪೋರ್ಟ್ ಕಲ್ಲು’ ಎನ್ನುವರು.

ಇದನ್ನು ಯಾವ ಕಡೆಗೆ ಇಡಬೇಕು? ಕೆಲವರು ಮೂಲೆಯ ಹೊರಮಗ್ಗುಲಿಗೆ ಇಡುವರು. ಇದು ಭ್ರಾಂತಿ. ಕಂಬವು ತಂತಿಯ ಕಡೆಗೆ ವಾಲುವುದರಿಂದ ಅದು ಹೊರಗಿನ ಕಲ್ಲಿನಿಂದ ದೂರ ಸರಿಯುವುದೇ ಹೊರತು ಅದರ ಮೇಲೆ ಒರಗುವುದಿಲ್ಲ. ಬೀಳುವವನನ್ನು ಹಿಡಿಯುವವನು ಅವನು ಬೀಳುವ ಕಡೆಗೇ ನಿಲ್ಲಬೇಕಲ್ಲವೆ? ಅಂತೆಯೇ ಆಸರೆಗಲ್ಲು ತಂತಿಯ ಗೆರೆಯ ಕೆಳಗೇ ಇರಬೇಕು. ಮೂಲೆಯಿಂದ ಎರಡು ಸಾಲುಗಳು ಹೊರಡುವುದರಿಂದ ಸಾಲಿಗೊಂದರಂತೆ ಎರಡು ಕಲ್ಲುಗಳು ಬೇಕು. ಅದರ ತಲೆಯು ನೆಲದ ಮೇಲಿನ ಕಂಬದ ಮೂರರಲ್ಲಿ ಎರಡು ಪಾಲು ಎತ್ತರಕ್ಕೆ ತಾಗಬೇಕು. ಬುಡವು ಕಂಬಕ್ಕೆ ತೀರ ಸಮೀಪವಾದರೆ ಆಸರೆಯು ನೆಟ್ಟಗಾಗಿ, ತಳ್ಳುವುದರ ಬದಲು ಕಂಬವನ್ನೇ ಮೇಲಕ್ಕೆತ್ತುವುದು. ಆದ್ದರಿಂದ ಬುಡವನ್ನು ತಲೆಯ ಎತ್ತರದಷ್ಟಾದರೂ ದೂರಕ್ಕಿಟ್ಟು, ನೆಲದೊಳಗೆ ಹೂತ ಒಂದು ಚಪ್ಪಡಿಗೆ ಒತ್ತಿ ನಿಲ್ಲಿಸಬೇಕು. ಬರಿಯ ಮಣ್ಣಿಗೆ ಒತ್ತಿದರೆ ಮೊದಲ ಮಳೆಗೇ ಅದು ಹಿಂದೆ ಸರಿಯುವುದು, ಕಂಬ ವಾಲುವುದು, ವಾಲಿದ ರಾತ್ರಿಯೇ ದನ ನುಗ್ಗುವುದು.

ತಂತಿಯನ್ನು ದನಗಳು ನೂಕುವ ಕಡೆಗೆ ಕಟ್ಟಿದರೆ ಅವುಗಳ ಭಾರವನ್ನು ಕಂಬವೇ ಹೊರುವುದು. ಮತ್ತೊಂದು ಕಡೆಗೆ ಕಟ್ಟಿದರೆ ಕಟ್ಟಿನ ತಂತಿಯೇ ಕಿತ್ತುಬರುವುದು. ಚಳಿಗೆ ತಂತಿಯು ಕುಗ್ಗಿ ಬಿಗಿಯುವುದು, ಬಿಸಿಲಿಗೆ ಹಿಗ್ಗಿ ಸಡಿಲುವುದು. ಇದನ್ನು ನೆನಪಿಟ್ಟು ಮಿತವಾಗಿ ಬಿಗಿಯಬೇಕು.

ಬೇಲಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಹರಿಸುವುದು ಮಹಾಪರಾಧ. ಇದರಿಂದ ಆನೆಗಳೂ ಮನುಷ್ಯರೂ, ಕಟ್ಟಿದವನ ಮನೆಯವರೇ ಕೂಡ, ಸತ್ತಿರುವರು. ಬೆಳೆಯ ರಕ್ಷಣೆಗೆ ಪ್ರಾಣಹಾನಿಯನ್ನು ಒಪ್ಪುವ ಬೇಲಿಯು ಬೇಲಿಯಲ್ಲ, ಬಲೆ.

ಬೇಲಿಯು ಒಬ್ಬನದೇ ಸ್ವತ್ತಾದರೂ ಅದರ ಉಪಕಾರ ಇಬ್ಬರಿಗೆ. ಅದು ನೆರೆಯವನ ದನದಿಂದ ಒಬ್ಬನ ಬೆಳೆಯನ್ನು ಹೇಗೆ ಕಾಯುವುದೋ, ಇವನ ದನದಿಂದ ನೆರೆಯವನ ಬೆಳೆಯನ್ನೂ ಹಾಗೆಯೇ ಕಾಯುವುದು. ಆದಕಾರಣ ಮೊದಲ ಮಳೆಯ ಮರುದಿನ ಬೇಲಿಯ ಸುತ್ತ ಒಮ್ಮೆ ನಡೆದು, ಪ್ರತಿಯೊಂದು ಮೂಲೆಗಂಬವನ್ನೂ ಕೈಯಿಂದ ಅಲುಗಿಸಿ ನೋಡುವುದು ಗೃಹಸ್ಥನಿಗೆ ಸಲ್ಲುವ ನಿಯಮ. ಅಲುಗಿದುದನ್ನು ಅಂದೇ ಕುಟ್ಟಿದರೆ ಒಂದು ಗಳಿಗೆಯ ಕೆಲಸ. ನಾಳೆಗೆ ಬಿಟ್ಟರೆ ಒಂದು ವರ್ಷದ ಬೆಳೆಯೇ ಹೋದೀತು.