ಕೊಟ್ಟಿಗೆಯ ಗೂಡಿನಲ್ಲಿ ಉಳಿದ ಔಷಧಿ



ನಿಮ್ಮ ಕೊಟ್ಟಿಗೆಯ ಗೋಡೆಯ ಗೂಡನ್ನು ಒಮ್ಮೆ ನೋಡಿ. ಅರ್ಧ ಉಳಿದ ಚುಚ್ಚುಮದ್ದಿನ ಸೀಸೆ, ಕೆಚ್ಚಲಿಗೆ ಏರಿಸುವ ಒಂದೆರಡು ಟ್ಯೂಬು, ನೋವಿನ ಔಷಧಿ ಅಲ್ಲಿವೆಯೇ? ಇವುಗಳಲ್ಲಿ ಹೆಚ್ಚಿನವು ಎಂದೋ ಒಂದು ದಿನ ಪಶುವೈದ್ಯರು ಒಂದು ಕಾಯಿಲೆಗೆಂದು ಬರೆದುಕೊಟ್ಟವು. ಕಾಯಿಲೆ ವಾಸಿಯಾಯಿತು, ಚೀಟಿ ಕಳೆದುಹೋಯಿತು, ಔಷಧಿ ಮಾತ್ರ ಉಳಿಯಿತು. ಮುಂದಿನ ಸಲ ರಾಸು ಸ್ವಲ್ಪ ಸಪ್ಪಗಾದರೆ ಕೈ ತಾನಾಗಿ ಆ ಗೂಡಿಗೆ ಹೋಗುತ್ತದೆ.

ಔಷಧಿಯೇ ಬೇಡವೆಂದು ಈ ಪಾಠ ಹೇಳುವುದಿಲ್ಲ. ಸಕಾಲದಲ್ಲಿ ಕೊಟ್ಟ ಔಷಧಿ ರಾಸಿನ ಪ್ರಾಣ ಉಳಿಸುತ್ತದೆ. ಆದರೆ ಔಷಧಿ ಇರುವುದು ಎಣಿಸಿದ ದಿನಗಳಿಗೆ. ಅದು ದಿನನಿತ್ಯದ ರೂಢಿಯಾದರೆ ಏನಾಗುತ್ತದೆ ಎಂಬುದನ್ನು ಮೂರು ಔಷಧಿಗಳ ಮೂಲಕ ನೋಡೋಣ.

1. ಹಾಲು ಇಳಿಸುವ ಚುಚ್ಚುಮದ್ದು

ಕರು ಸತ್ತ ಹಸು ಹಾಲು ತೊರೆಬಿಡದೆ ಒದೆಯುತ್ತದೆ. ಮನೆಯವರು ಕಂಗಾಲಾಗುತ್ತಾರೆ. ಆಗ ಯಾರೋ ಆಕ್ಸಿಟೋಸಿನ್ ಚುಚ್ಚುಮದ್ದಿನ ದಾರಿ ತೋರಿಸುತ್ತಾರೆ. ಒಂದು ದಿನಕ್ಕೆಂದು ಆರಂಭವಾದದ್ದು ಎರಡೂ ಹೊತ್ತಿನ ಅಭ್ಯಾಸವಾಗುತ್ತದೆ.

ಆಕ್ಸಿಟೋಸಿನ್ ಹಸುವಿನ ದೇಹದಲ್ಲೇ ಉತ್ಪತ್ತಿಯಾಗುವ ರಸ. ಕರು ಚೀಪಿದಾಗ ಅಥವಾ ಕೆಚ್ಚಲನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆದು ಮೃದುವಾಗಿ ನೀವಿದಾಗ ಮೊಲೆಯ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳಿನ ಬುಡದ ಗ್ರಂಥಿಯಿಂದ ಈ ರಸ ರಕ್ತಕ್ಕೆ ಬಂದು, ಕೆಚ್ಚಲಿನ ಹಾಲಿನ ಚೀಲಗಳನ್ನು ಹಿಂಡುತ್ತದೆ. ಇದರ ಪ್ರಭಾವ ಕೆಲವೇ ನಿಮಿಷ. ಆದ್ದರಿಂದಲೇ ತೊರೆಬಿಟ್ಟ ಮೇಲೆ 5ರಿಂದ 7 ನಿಮಿಷದೊಳಗೆ ಕರೆದು ಮುಗಿಸಬೇಕೆಂದು ಹೇಳುವುದು. ಹಸು ಹೆದರಿದರೆ, ಪೆಟ್ಟು ತಿಂದರೆ ತೊರೆ ನಿಂತುಹೋಗುತ್ತದೆ.

ಈ ಚುಚ್ಚುಮದ್ದು ಹಾಲನ್ನು ಉತ್ಪತ್ತಿ ಮಾಡುವುದಿಲ್ಲ, ಇರುವ ಹಾಲನ್ನು ಇಳಿಸುತ್ತದೆ ಅಷ್ಟೆ. ಹಾಲು ಉತ್ಪತ್ತಿಯಾಗುವುದು ಮೇವು, ನೀರು ಮತ್ತು ತಳಿಯಿಂದ. ದಿನವೂ ಹೊರಗಿನಿಂದ ಚುಚ್ಚಿದ ಹಸು, ಚುಚ್ಚುವುದನ್ನು ನಿಲ್ಲಿಸಿದಾಗ ತಾನಾಗಿ ತೊರೆಬಿಡಲು ತಡಮಾಡುತ್ತದೆ ಎಂದು ಸಂಶೋಧನೆಗಳಿಂದ ತಿಳಿದುಬಂದಿದೆ. ಅಂದರೆ ಔಷಧಿಯೇ ಔಷಧಿಯ ಅಗತ್ಯವನ್ನು ಹುಟ್ಟಿಸುತ್ತದೆ. ಒಂದೇ ಸೂಜಿಯನ್ನು ದಿನವೂ ಚುಚ್ಚಿದರೆ ಗಾಯ, ಬಾವು ಬೇರೆ.

ಹೆರಿಗೆಯ ತೊಂದರೆಯಂಥ ಸಂದರ್ಭಗಳಲ್ಲಿ ವೈದ್ಯರು ಇದನ್ನು ಬಳಸುತ್ತಾರೆ. ಅದು ಅವರ ತೀರ್ಮಾನ. ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ. ಹಾಲು ಹೆಚ್ಚಿಸಲೆಂದು ರಾಸಿನ ಆರೋಗ್ಯಕ್ಕೆ ಹಾನಿಯಾಗುವಂತೆ ಯಾವುದೇ ವಸ್ತುವನ್ನು ಚುಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಶಿಕ್ಷಾರ್ಹ. ರಾಸು ಸರ್ಕಾರದ ಪಾಲಾಗಲೂಬಹುದು ಎಂಬುದನ್ನು ಸದಸ್ಯರು ಗಮನಿಸಬೇಕು.

ಅಭ್ಯಾಸ ಬಿಡಿಸುವ ಬಗೆಯನ್ನು ವೈದ್ಯರಲ್ಲಿ ಕೇಳಿ. ಕರೆಯುವ ಹೊತ್ತು, ಕರೆಯುವ ಕೈ, ಕರೆಯುವ ಜಾಗ ಬದಲಾಗದಿರಲಿ. ಮುಂದೆ ಒಂದು ಹಿಡಿ ಹಿಂಡಿ ಇಡಿ. ಮೊದಲ ಕೆಲವು ದಿನ ಹಾಲು ಕಡಿಮೆಯಾಗಬಹುದು. ತಾಳ್ಮೆ ಬೇಕು.

2. ಕೆಚ್ಚಲು ಬಾವಿನ ಔಷಧಿ

ಕೆಚ್ಚಲು ಬಾವಿಗೆ ಕೊಡುವ ಪ್ರತಿಜೀವಕಗಳು, ಅಂದರೆ ನಾವು ಆಂಟಿಬಯಾಟಿಕ್ ಎನ್ನುವವು, ರೋಗಾಣುಗಳನ್ನು ಕೊಲ್ಲುತ್ತವೆ. ಇಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ಒಂದು, ಐದು ದಿನ ಕೊಡಬೇಕಾದದ್ದನ್ನು ಎರಡೇ ದಿನಕ್ಕೆ ನಿಲ್ಲಿಸುವುದು. ಇನ್ನೊಂದು, ಬಾವು ಮರುಕಳಿಸಿದಾಗಲೆಲ್ಲ ಅದೇ ಟ್ಯೂಬನ್ನು ಕೇಳದೆ ಏರಿಸುವುದು. ಅರೆಬರೆ ಮದ್ದಿನಲ್ಲಿ ದುರ್ಬಲ ರೋಗಾಣುಗಳು ಸತ್ತು, ಗಟ್ಟಿಯಾದವು ಉಳಿದು ಹೆಚ್ಚುತ್ತವೆ. ಮುಂದೆ ಆ ಔಷಧಿಗೆ ಅವು ಬಗ್ಗುವುದಿಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗಲೇ ಈ ಎಚ್ಚರಿಕೆ ಕೊಟ್ಟಿದ್ದರು. ಕೊಲಿಸ್ಟಿನ್ ಎಂಬ ಔಷಧಿ ಮನುಷ್ಯರಿಗೆ ಕಡೆಗಾಲದ ಆಸರೆಯಾಗಿರುವುದರಿಂದ, ಆಹಾರ ನೀಡುವ ಪ್ರಾಣಿಗಳಿಗೆ ಅದನ್ನು ಬಳಸುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು.

ಮೇಲಿಂದ ಮೇಲೆ ಬಾವು ಬರುತ್ತಿದ್ದರೆ ಹಾಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ರೋಗಾಣು ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯುವುದು ಲೇಸು. ಕೆಲವು ರೋಗಾಣುಗಳು ಕೆಚ್ಚಲಿನ ಒಳಮಾಂಸದಲ್ಲಿ ಅಡಗಿ ಕೂರುತ್ತವೆ. ಅಲ್ಲಿಗೆ ಮದ್ದು ಸರಿಯಾಗಿ ತಲುಪುವುದಿಲ್ಲ. ಅಂಥ ಹಸುವಿಗೆ ವರ್ಷವಿಡೀ ಟ್ಯೂಬು ಏರಿಸಿದರೆ ಹಣವೂ ಹೋಗುತ್ತದೆ, ಹಾಲೂ ಹೋಗುತ್ತದೆ.

ಔಷಧಿಯ ಅಂಶ ಹಾಲಿನಲ್ಲಿ ಬರುತ್ತದೆ. ಕಾಯಿಸಿದರೆ ಹೋಗುತ್ತದೆ ಎಂಬ ನಂಬಿಕೆ ತಪ್ಪು. ಇಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದಿರುವುದನ್ನು ಹಲವರು ಕಂಡಿರಬಹುದು. ಹೆಪ್ಪಿನ ಸೂಕ್ಷ್ಮಾಣುಗಳನ್ನೂ ಔಷಧಿ ಕೊಲ್ಲುವುದೇ ಕಾರಣ. ಆದರೆ ಮೊಸರಾಯಿತು ಎಂದ ಮಾತ್ರಕ್ಕೆ ಹಾಲು ಶುದ್ಧವೆಂದು ತಿಳಿಯಬಾರದು. ಒಬ್ಬರ ಒಂದು ಕ್ಯಾನು ಸಂಘದ ಶೀತಲೀಕರಣ ತೊಟ್ಟಿಯ ಹಾಲನ್ನೆಲ್ಲ ಕೆಡಿಸಬಲ್ಲದು.

ಆದ್ದರಿಂದ ಪ್ರತಿ ಔಷಧಿಗೂ ಹಾಲು ಹಾಕದೆ ಕಾಯಬೇಕಾದ ಅವಧಿಯಿದೆ. 2012ರ ನಿಯಮದಂತೆ ಅದನ್ನು ಸೀಸೆಯ ಚೀಟಿಯಲ್ಲಿ ಮುದ್ರಿಸಬೇಕು. ಆ ಔಷಧಿಗೆ ಪ್ರತ್ಯೇಕ ಅವಧಿ ಖಚಿತವಾಗಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ. ಒಂದೇ ಮೊಲೆಗೆ ಮದ್ದು ಹಾಕಿದ್ದರೂ ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಮಾಡಿ. ಅದನ್ನು ಕರುವಿಗೂ ಕುಡಿಸಬೇಡಿ.

ಬಾವು ಬಾರದಂತೆ ತಡೆಯುವುದೇ ಅಗ್ಗದ ಚಿಕಿತ್ಸೆ. ಹೆಬ್ಬೆರಳು ಮಡಿಚಿ ಕರೆಯದೆ ಪೂರ್ಣ ಮುಷ್ಟಿಯಿಂದ ಕರೆಯಿರಿ. ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಮೊಲೆಯ ರಂಧ್ರ ಮುಚ್ಚಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಹಸು ಮಲಗದಂತೆ ಮುಂದೆ ಮೇವು ಹಾಕಿ. ಬಾವಿನ ಆರಂಭದಲ್ಲಿ ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ಕೆಚ್ಚಲಿಗೆ ದಿನಕ್ಕೆ ಹಲವು ಸಲ ಹಚ್ಚುವ ಕ್ರಮವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿದೆ. ಜ್ವರವಿದ್ದರೆ, ಹಾಲಿನಲ್ಲಿ ರಕ್ತ ಕಂಡರೆ ಕಾಯದೆ ವೈದ್ಯರನ್ನು ಕರೆಸಿ.

3. ನೋವಿನ ಔಷಧಿ

ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯನ್ನು ಒಂದು ಕಾಲದಲ್ಲಿ ದನಗಳಿಗೆ ಧಾರಾಳವಾಗಿ ಕೊಡಲಾಗುತ್ತಿತ್ತು. ಕುಂಟಿದರೂ ಅದೇ, ಜ್ವರಕ್ಕೂ ಅದೇ. ಅದೇ ಕಾಲಕ್ಕೆ ಸತ್ತ ದನ ತಿಂದು ಊರನ್ನು ಶುಚಿಯಾಗಿಡುತ್ತಿದ್ದ ರಣಹದ್ದುಗಳು ಕಣ್ಮರೆಯಾದವು. ಬಿಳಿ ಬೆನ್ನಿನ ರಣಹದ್ದು 1992ರಿಂದ 2007ರೊಳಗೆ ನಮ್ಮ ದೇಶದಲ್ಲಿ ಶೇಕಡ 99ಕ್ಕಿಂತ ಹೆಚ್ಚು ಕಡಿಮೆಯಾಯಿತು. ಕಾರಣ ತಿಳಿದದ್ದು 2004ರಲ್ಲಿ. ಔಷಧಿ ಕೊಟ್ಟ ಸ್ವಲ್ಪ ದಿನದಲ್ಲೇ ಸತ್ತ ದನದ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತಿದ್ದವು.

2006ರಲ್ಲಿ ದನಗಳಿಗೆಂದು ಇದರ ತಯಾರಿಕೆ ನಿಷೇಧವಾಯಿತು. ಮನುಷ್ಯರ ದೊಡ್ಡ ಸೀಸೆಗಳನ್ನು ದನಗಳಿಗೆ ಬಳಸುವುದು ಮುಂದುವರಿದದ್ದರಿಂದ 2015ರಲ್ಲಿ ಸೀಸೆಯ ಪ್ರಮಾಣವನ್ನು 3 ಮಿ.ಲೀ.ಗೆ ಇಳಿಸಲಾಯಿತು. 2023ರಲ್ಲಿ ಅಸಿಕ್ಲೋಫೆನಾಕ್ ಮತ್ತು ಕೀಟೋಪ್ರೊಫೆನ್ ಔಷಧಿಗಳೂ ದನಗಳಿಗೆ ನಿಷೇಧವಾದವು. ಹದ್ದುಗಳಿಗೆ ತೊಂದರೆ ಮಾಡದ ಮೆಲಾಕ್ಸಿಕ್ಯಾಮ್ ದೊರೆಯುತ್ತದೆ. ನಮ್ಮ ರಾಮನಗರದ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದು ಧಾಮವಾಯಿತು. ಅಲ್ಲಿ ಉಳಿದಿರುವ ಕೆಲವೇ ಹಕ್ಕಿಗಳು ಈ ಪಾಠಕ್ಕೆ ಸಾಕ್ಷಿ.

ನೋವಿನ ಔಷಧಿ ರೋಗವನ್ನು ವಾಸಿ ಮಾಡುವುದಿಲ್ಲ, ನೋವನ್ನು ಮರೆಸುತ್ತದೆ. ಬಹಳ ದಿನ ಕೊಟ್ಟರೆ ರಾಸಿನ ಹೊಟ್ಟೆ, ಮೂತ್ರಪಿಂಡಗಳಿಗೂ ಕೇಡು. ಗೊರಸಿನಲ್ಲಿ ಮುಳ್ಳಿದ್ದರೆ ತೆಗೆಯಬೇಕಾದದ್ದು ಮುಳ್ಳನ್ನು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ಕೇಳಿದರೆ ವೈದ್ಯರು ಬೇಸರಪಟ್ಟಾರೆಂಬ ಸಂಕೋಚ ಬೇಡ.

1. ಇದು ಯಾವ ಕಾಯಿಲೆಗೆ?
2. ಎಷ್ಟು ದಿನ ಕೊಡಬೇಕು, ಯಾವಾಗ ನಿಲ್ಲಿಸಬೇಕು?
3. ಎಷ್ಟು ದಿನ ಹಾಲನ್ನು ಸಂಘಕ್ಕೆ ಹಾಕಬಾರದು?
4. ಹೋದ ಸಲವೂ ಇದನ್ನೇ ಕೊಟ್ಟಿದ್ದೆವು, ಮತ್ತೆ ಏಕೆ ಬಂತು?
5. ಉಳಿದ ಔಷಧಿಯನ್ನು ಏನು ಮಾಡಬೇಕು?

ಉತ್ತರಗಳನ್ನು ಒಂದು ನೋಟುಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಿ. ಕೊಟ್ಟಿಗೆಯ ಕೆಲಸ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳದ್ದು, ಚೀಟಿ ಇರುವುದು ಗಂಡಸರ ಜೇಬಿನಲ್ಲಿ. ಹಾಲು ಕರೆಯುವವರಿಗೆ ಔಷಧಿ ಕೊಟ್ಟ ವಿಷಯ ತಿಳಿದಿರಲೇಬೇಕು.

ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ಗೂಡಿನಲ್ಲಿರುವುದನ್ನೆಲ್ಲ ಕೆಳಗಿಳಿಸಿ. ಯಾವುದಕ್ಕೆಂದು ಹೇಳಲಾಗದ, ಅವಧಿ ಮುಗಿದ ಸೀಸೆಗಳನ್ನು ಬೇರೆ ತೆಗೆದಿಟ್ಟು, ಮುಂದಿನ ಸಲ ಪಶುವೈದ್ಯರು ಬಂದಾಗ ತೋರಿಸಿ. ನಿಮ್ಮ ಹಾಲನ್ನು ಕುಡಿಯುವುದು ಪಟ್ಟಣದ ಮಕ್ಕಳು ಮಾತ್ರವಲ್ಲ, ನಿಮ್ಮ ಮನೆಯ ಮಗುವೂ ಹೌದು.