ಶಹಾಪುರದ ಹೂವು, ನಾಸಿಕದ ನೊರೆ

ಇಟಲಿಯ ಉತ್ತರ ತುದಿಯ ನಾಟುರ್ನೊ ಎಂಬ ಊರಲ್ಲಿ ರೋಲಾಂಡ್ ಗ್ರೂಬರ್ ಎಂಬ ಬಾರ್‌ಟೆಂಡರ್ 2005ರಲ್ಲಿ ‘ಹ್ಯೂಗೊ’ ಎಂಬ ಕಾಕ್‌ಟೇಲ್ ಹುಟ್ಟುಹಾಕಿದ. ಸ್ಪಾರ್ಕ್ಲಿಂಗ್ ವೈನು, ಪುದೀನ, ಸ್ವಲ್ಪ ಸಿಹಿ ಪಾಕ, ಮೇಲಿಷ್ಟು ಸೋಡಾ. ಈಗ ಜಗತ್ತಿನೆಲ್ಲೆಡೆ ಅದಕ್ಕೆ ಎಲ್ಡರ್ ಗಿಡದ ಹೂವಿನ ಪಾಕ ಹಾಕುತ್ತಾರೆ. ಆ ಗಿಡ ನಮ್ಮ ಯಾದಗಿರಿ ಸೀಮೆಯ ಬಿಸಿಲಿಗೆ ಬದುಕುವಂಥದ್ದಲ್ಲ. ಹಿತ್ತಲಲ್ಲಿ ದಾಸವಾಳ, ಅಂಗಳದಲ್ಲಿ ಮಲ್ಲಿಗೆ, ಹೊಲದ ಬದುವಿನಲ್ಲಿ ಪುಂಡಿ ಇರುವಾಗ ಹೊರದೇಶದ ಪಾಕದ ಬಾಟಲಿಗೆ ದುಡ್ಡು ಸುರಿಯುವುದೂ ನನಗೆ ಒಪ್ಪಿಗೆಯಿಲ್ಲ. ಶಹಾಪುರದ ಮನೆಗೆ ಬಂದವರಿಗೆ ಮಾಡಿಕೊಡುತ್ತ ಮಾಡಿಕೊಡುತ್ತ ಕೈಗೆ ಹತ್ತಿದ್ದು ಈ ನಮ್ಮೂರ ಹೂವಿನ ಹ್ಯೂಗೊ.

1. ಚೆಂದ ಕಂಡ ಹೂವೆಲ್ಲ ಲೋಟಕ್ಕಲ್ಲ

ಸುರಪುರದ ಓಣಿಗಳಲ್ಲಿ, ಗುಡಿಯ ಅಂಗಳಗಳಲ್ಲಿ ಕಣಗಿಲೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಗುಲಾಬಿ ಬಣ್ಣದ್ದಿರಲಿ, ಹಳದಿಯದ್ದಿರಲಿ, ಎರಡೂ ಹೃದಯದ ಬಡಿತಕ್ಕೇ ಕೈಹಾಕುವ ವಿಷ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ಅಲಂಕಾರಕ್ಕೆಂದು ಒಂದು ಎಸಳನ್ನು ತೇಲಿಬಿಡುವುದೂ ಬೇಡ. ಮಲ್ಲಿಗೆಯಂತೆ ಬೆಳ್ಳಗೆ ಕಾಣುವ ನಂದಬಟ್ಟಲು ಅದೇ ಕುಟುಂಬದ್ದು. ತೊಟ್ಟು ಮುರಿದರೆ ಹಾಲು ಬರುತ್ತದೆ, ಅಲ್ಲಿಗೆ ಬಿಟ್ಟುಬಿಡಿ. ಉಮ್ಮತ್ತಿಯ ಸುದ್ದಿಗಂತೂ ಹೋಗಲೇಬೇಡಿ. ಹೂವಾಡಗಿತ್ತಿಯ ಬುಟ್ಟಿಯ ಹೂವೂ ಈ ಕೆಲಸಕ್ಕೆ ಬರುವುದಿಲ್ಲ. ಮುಡಿಯಲು ಬೆಳೆದ ಹೂವಿಗೆ ಔಷಧಿ ಹೊಡೆಯುವಾಗ ಇದನ್ನು ಯಾರಾದರೂ ತಿಂದಾರು ಎಂದು ಯಾರೂ ಯೋಚಿಸಿರುವುದಿಲ್ಲ. ಔಷಧಿ ಕಾಣದ ಮನೆಯ ಗಿಡದ್ದು, ಇಲ್ಲವೆ ಗುರುತಿನವರ ಹಿತ್ತಲಿನದು.

2. ಮಲ್ಲಿಗೆಗೆ ಒಲೆ ತೋರಿಸಬೇಡಿ

ಈ ಪೇಯದ ಜೀವವೇ ಪಾಕ. ವೈನನ್ನು ಯಾರಾದರೂ ಕೊಂಡು ತರಬಹುದು, ಪಾಕದಲ್ಲೇ ಮಾಡುವವರ ಕೈ ಗೊತ್ತಾಗುವುದು. ದುಂಡುಮಲ್ಲಿಗೆಯ ಮೊಗ್ಗು ಸಂಜೆಗೆ ಸಡಿಲಾಗಿ, ರಾತ್ರಿ ಬಿರಿದು ಪರಿಮಳ ಬಿಡುತ್ತದೆ. ಗಿಡದಿಂದ ಕಿತ್ತ ಮೇಲೂ ಬಿರಿಯುತ್ತದೆ. ಚೀನಾದಲ್ಲಿ ಮಲ್ಲಿಗೆ ಚಹಾ ಮಾಡುವವರು ಚಹಾ ಎಲೆಯ ಜೊತೆ ಹೂವನ್ನು ರಾತ್ರಿಯೇ ಕಲಸಿಡುವುದು ಇದಕ್ಕಾಗಿಯೇ. ನಾನು 250 ಗ್ರಾಂ ಸಕ್ಕರೆಯನ್ನು 250 ಮಿಲಿ ನೀರಲ್ಲಿ ಕರಗಿಸಿ, ಪಾತ್ರೆ ಮುಟ್ಟಿದರೆ ತಣ್ಣಗಿದೆ ಅನ್ನಿಸುವವರೆಗೆ ಕಾಯುತ್ತೇನೆ. ಊಟ ಮುಗಿದ ಮೇಲೆ ಹಸಿರು ತೊಟ್ಟು ಬಿಡಿಸಿದ, ಆಗತಾನೇ ಬಿರಿಯುತ್ತಿರುವ ಹೂವು ಎರಡು ಹಿಡಿ ಹಾಕಿ ಮುಚ್ಚಿಡುವುದು. ಬೆಳಿಗ್ಗೆ ಏಳುತ್ತಲೇ ಸೋಸಿಬಿಡಬೇಕು. ತಡವಾದರೆ ಎಸಳು ಕಂದಾಗಿ ಪಾಕಕ್ಕೆ ಹಸಿಸೊಪ್ಪಿನ ಕಹಿ ಬರುತ್ತದೆ. ಘಮ ಸಾಲದಿದ್ದರೆ ಮರುದಿನ ರಾತ್ರಿ ಹೊಸ ಹೂವು ಹಾಕಿ, ಹಳೆಯದನ್ನೇ ಇನ್ನೊಂದಿಷ್ಟು ಹೊತ್ತು ನೆನೆಸಬೇಡಿ. ಬಿಸಿ ಪಾಕಕ್ಕೆ ಹಾಕಿದಿರೋ, ಬೇಯಿಸಿದ ಸೊಪ್ಪಿನ ವಾಸನೆ.

ನಾಟಿ ಗುಲಾಬಿಯದು ಇನ್ನೂ ಸುಲಭ. ಎಸಳಿನ ಬುಡದ ಬಿಳಿ ತುದಿ ಕಹಿ, ಅದನ್ನು ಕತ್ತರಿಯಿಂದ ತೆಗೆದುಹಾಕಿ. ಉಳಿದದ್ದನ್ನು ಸಕ್ಕರೆಯ ಜೊತೆ ಬೆರಳಲ್ಲಿ ತಿಕ್ಕಿ ಒಂದು ತಾಸು ಬಿಟ್ಟು, ಆಮೇಲೆ ನೀರು ಬೆರೆಸಿ ಸೋಸಿದರಾಯಿತು.

3. ಬೋರಿನ ನೀರು ಬಣ್ಣ ಕೆಡಿಸುತ್ತದೆ

ದಾಸವಾಳ ಬಿಸಿಗೆ ಹೆದರುವ ಹೂವಲ್ಲ. ಐದೆಸಳಿನ ಕೆಂಪು ದಾಸವಾಳ ಹತ್ತು–ಹನ್ನೆರಡು ಕಿತ್ತು, ಹಸಿರು ತೊಟ್ಟು ಮತ್ತು ನಡುವಿನ ಕೇಸರದ ಕಡ್ಡಿ ತೆಗೆದು, ಒಂದು ಲೋಟ ಕುದಿನೀರು ಸುರಿದು ಹತ್ತು ನಿಮಿಷ ಬಿಡುವುದು. ಆದರೆ ಆ ನೀರು ಯಾವುದು ಅನ್ನುವುದು ಮುಖ್ಯ. ದಾಸವಾಳದ ಬಣ್ಣ ಹುಳಿ ಸಿಕ್ಕರೆ ಕೆಂಪು, ಕ್ಷಾರ ಸಿಕ್ಕರೆ ನೀಲಿಗೆ ತಿರುಗುತ್ತದೆ. ನಮ್ಮ ಕಡೆಯ ಬೋರ್‌ವೆಲ್ಲಿನ ಗಡಸು ನೀರಲ್ಲಿ ಅದು ಶಾಯಿ ತೊಳೆದ ನೀರಿನ ಹಾಗೆ ಮಂಕಾಗುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಿ. ಸೋಸಿದ ಮೇಲೆ ಅಷ್ಟೇ ತೂಕದ ಸಕ್ಕರೆ ಕರಗಿಸಿ ಅರ್ಧ ನಿಂಬೆಹಣ್ಣು ಹಿಂಡಿದರೆ ಕಣ್ಣೆದುರೇ ಕೆಂಪು ಏರುತ್ತದೆ. ಅತಿಥಿಗಳ ಮುಂದೆ ಹಿಂಡಿ, ಅದೊಂದು ಆಟ.

ಚಳಿಗಾಲದಲ್ಲಿ ನನ್ನ ಮೊದಲ ಆಯ್ಕೆ ಪುಂಡಿ. ಪುಂಡಿಪಲ್ಯ ಉಣ್ಣದ ಮನೆ ಈ ಕಡೆ ಇಲ್ಲ, ಆದರೆ ಹೂವು ಉದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ಕೆಂಪು ದಳವನ್ನು ಕೇಳುವವರಿಲ್ಲ. ಈಜಿಪ್ಟಿನವರು ಅದರಿಂದಲೇ ‘ಕರ್ಕದೆ’ ಕಾಸಿ ಕುಡಿಯುತ್ತಾರೆ. ಅದಕ್ಕೆ ತನ್ನದೇ ಹುಳಿಯಿದೆ, ನಿಂಬೆ ಬೇಡ.

4. ಬಾಟಲಿಯ ಮೇಲೆ ‘ಬ್ರೂಟ್’ ಅಂತ ಇರಲಿ

ಸಿಹಿ ಪೇಯಕ್ಕೆ ಸಿಹಿ ವೈನೇ ಸರಿ ಅಂದುಕೊಳ್ಳುವವರು ಬಹಳ. ಲೆಕ್ಕ ನೋಡಿ: ಬ್ರೂಟ್‌ನಲ್ಲಿ ಲೀಟರಿಗೆ ಸಕ್ಕರೆ 12 ಗ್ರಾಂ ಮೀರುವುದಿಲ್ಲ, ಅಂದರೆ 120 ಮಿಲಿ ಲೋಟದಲ್ಲಿ ಹೆಚ್ಚೆಂದರೆ ಒಂದೂವರೆ ಗ್ರಾಂ. ಮೇಲೆ ಹೇಳಿದ ಪಾಕ 15 ಮಿಲಿ ಹಾಕಿದರೆ ಸುಮಾರು 9 ಗ್ರಾಂ. ಸಿಹಿಯ ಕೆಲಸ ಪಾಕ ನೋಡಿಕೊಳ್ಳುತ್ತದೆ, ವೈನಿನಿಂದ ಬೇಕಾದದ್ದು ಹುಳಿ ಮತ್ತು ನೊರೆ. ‘ಎಕ್ಸ್‌ಟ್ರಾ ಡ್ರೈ’ ಅಂತ ಬರೆದದ್ದು ಬ್ರೂಟ್‌ಗಿಂತ ಸಿಹಿ, ಹೆಸರು ನೋಡಿ ಮೋಸಹೋಗಬೇಡಿ.

ಪಕ್ಕದ ವಿಜಯಪುರ ಜಿಲ್ಲೆಯ ತುಂಬ ದ್ರಾಕ್ಷಿ, ಆದರೆ ಅದರಲ್ಲಿ ಬಹುಪಾಲು ತಿನ್ನಲು ಮತ್ತು ಒಣದ್ರಾಕ್ಷಿಗೆ ಹೋಗುವ ತಳಿ. ರಾಜ್ಯ ಸರ್ಕಾರ 2007ರಲ್ಲೇ ವೈನ್ ನೀತಿ ತಂದಿದ್ದರೂ ನೊರೆಯ ವೈನಿಗೆ ನಾವಿನ್ನೂ ನಾಸಿಕದ ಕಡೆಗೇ ನೋಡಬೇಕು. ಸುಲಾ ಕಂಪನಿಯ ನೊರೆಯ ವೈನು ಬರುವುದು ಅಲ್ಲಿಂದಲೇ. ಯಾದಗಿರಿಯ ಅಂಗಡಿಗಳಲ್ಲಿ ನನಗೆ ಸಿಕ್ಕಿದ್ದು ಅಪರೂಪ. ಕಲಬುರಗಿಗೆ ಹೋದವರ ಕೈಲಿ ಹೇಳಿ ತರಿಸುತ್ತೇನೆ, ಮಧ್ಯಾಹ್ನದ ಬಿಸಿಲಲ್ಲಿ ಕಾರಿನೊಳಗೆ ಬಿಡಬೇಡಿ ಎಂದು ಎಚ್ಚರಿಸಿಯೇ.

5. ಕರೆಂಟು ಹೋದರೆ ಉಪ್ಪು

ವೈನು 6ರಿಂದ 8 ಡಿಗ್ರಿಗೆ ಇಳಿದಿರಬೇಕು. ಹೊರಗೆ 42 ಇರುವ ಮೇ ತಿಂಗಳಲ್ಲಿ ಫ್ರಿಜ್ಜನ್ನೇ ನಂಬಿ ಕೂರುವ ಹಾಗಿಲ್ಲ. ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಎರಡು ಹಿಡಿ ಕಲ್ಲುಪ್ಪು. ಬಾಟಲಿ ಕುತ್ತಿಗೆಯವರೆಗೆ ಮುಳುಗಿರಲಿ. ಇಪ್ಪತ್ತು ನಿಮಿಷ ಸಾಕು. ಬರೀ ಐಸಿನಲ್ಲಿ ಹೂತರೆ ನಡುವೆ ಗಾಳಿ ಉಳಿದು ತಡವಾಗುತ್ತದೆ. ಪಾಕವನ್ನೂ ಲೋಟವನ್ನೂ ತಣ್ಣಗೆ ಮಾಡಿಡಿ.

6. ಬಿರಡೆ ಬಂದೂಕಲ್ಲ

ಬಾಟಲಿಯೊಳಗೇ ಹುದುಗಿಸಿದ ವೈನಿನ ಒತ್ತಡ ಕಾರಿನ ಟೈರಿನದಕ್ಕಿಂತ ಎರಡು–ಮೂರು ಪಟ್ಟು. ತಂತಿ ಬಿಚ್ಚುವಾಗಲೇ ಹೆಬ್ಬೆರಳು ಬಿರಡೆಯ ಮೇಲಿರಲಿ. ಬಾಟಲಿಯನ್ನು ಓರೆಯಾಗಿ ಹಿಡಿದು, ಬಿರಡೆಯನ್ನು ಬಿಗಿಯಾಗಿ ಹಿಡಿದು, ಬಾಟಲಿಯನ್ನೇ ತಿರುಗಿಸಿ. ಢಬ್ ಅನ್ನಿಸಿ ಹಾರಿಸುವುದು ಕ್ರಿಕೆಟ್ ಗೆದ್ದವರಿಗೆ ಬಿಡಿ, ಹಾಗೆ ಹಾರಿದರೆ ಅರ್ಧ ನೊರೆ ನೆಲದ ಪಾಲು.

7. ಮೊದಲು ಪಾಕ, ಆಮೇಲೆ ವೈನು

ಪಾಕವನ್ನು ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಎಸಳಿನ ಸಣ್ಣ ಚೂರೂ ಗುಳ್ಳೆ ಏಳುವ ಜಾಗವಾಗಿ ಗ್ಯಾಸನ್ನು ಬೇಗ ಖಾಲಿ ಮಾಡುತ್ತದೆ. 15 ಮಿಲಿ ಪಾಕ, ಪುಂಡಿ ಅಲ್ಲದಿದ್ದರೆ ಚಮಚೆ ನಿಂಬೆರಸ, ಆಮೇಲೆ ಲೋಟ ಓರೆ ಹಿಡಿದು ಗೋಡೆಗುಂಟ 120 ಮಿಲಿ ವೈನು. ಉದ್ದ ಚಮಚೆಯಿಂದ ಅಡಿಯಿಂದ ಒಮ್ಮೆ ಎತ್ತಿದರೆ ಮುಗಿಯಿತು, ಮಜ್ಜಿಗೆ ಕಡೆದಂತೆ ಕಡೆಯಬೇಡಿ. 750 ಮಿಲಿ ಬಾಟಲಿಗೆ ಆರು ಲೋಟ.

8. ಕುಡಿಯದವರ ಲೋಟ ಮೊದಲು

ನಮ್ಮ ಮನೆಗಳಲ್ಲಿ ವೈನು ಮುಟ್ಟದವರೇ ಹೆಚ್ಚು. 21 ತುಂಬದ ಹುಡುಗರಿಗೆ ಕೊಡುವ ಪ್ರಶ್ನೆಯೂ ಇಲ್ಲ. ಅದೇ ಪಾಕ 30 ಮಿಲಿ, ನಿಂಬೆ, ಒಂದು ಗೋಲಿಸೋಡಾ. ಮೊಹರಂನಲ್ಲಿ ಜಾತಿ ನೋಡದೆ ಶರಬತ್ತು ಹಂಚಿ ಕುಡಿಯುವ ಊರುಗಳಿವು. ಗುಲಾಬಿ ಪಾಕದ ರುಚಿ ಇಲ್ಲಿಯ ನಾಲಿಗೆಗೆ ಹೊಸದಲ್ಲ. ಕುಡಿಯದವರಿಗೆ ಕೊಟ್ಟ ಮೇಲೆಯೇ ನಾನು ಬಿರಡೆಗೆ ಕೈಹಾಕುವುದು. ಲೋಟಗಳು ಬೇರೆ ಆಕಾರದವಿರಲಿ, ಬಣ್ಣ ಒಂದೇ ಆದ್ದರಿಂದ ಅದಲುಬದಲಾಗುತ್ತವೆ.

9. ಜೊತೆಗೆ ಮಿರ್ಚಿ

ಚೀಸು ಬೇಕಿಲ್ಲ. ಬಿಸಿ ಮಿರ್ಚಿಭಜಿಯ ಎಣ್ಣೆಯನ್ನು ಬ್ರೂಟ್‌ನ ಹುಳಿ ತೊಳೆದು ಹಾಕುತ್ತದೆ. ಖಾರ ಕಡಿಮೆಯ ಮೆಣಸಿನಕಾಯಿ ಆರಿಸಿ. ತೀರಾ ಖಾರದ ಮೇಲೆ ಗುಳ್ಳೆ ಬಿದ್ದರೆ ಬಾಯಿ ಉರಿದುಹೋಗುತ್ತದೆ.

10. ಉಳಿದದ್ದು

ತೆರೆದ ವೈನು ಮರುದಿನಕ್ಕೆ ಸಪ್ಪೆ, ಆ ರಾತ್ರಿಯೇ ಮುಗಿಯುವಷ್ಟೇ ತೆರೆಯಿರಿ. ಮಲ್ಲಿಗೆ ಪಾಕ ಫ್ರಿಜ್ಜಿನಲ್ಲೂ ನಾಲ್ಕೈದು ದಿನಕ್ಕೆ ಘಮ ಕಳೆದುಕೊಳ್ಳುತ್ತದೆ, ದಾಸವಾಳ ಮತ್ತು ಪುಂಡಿಯವು ಎರಡು ವಾರ ತಡೆಯುತ್ತವೆ. ಸೋಸಿದ ಗುಲಾಬಿ ಎಸಳನ್ನು ಚೆಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ: ಇನ್ನಷ್ಟು ಸಕ್ಕರೆ ಬೆರೆಸಿ ಒಂದು ವಾರ ಬಿಸಿಲಿಗಿಟ್ಟರೆ ಗುಲ್ಕಂದ, ತುಪ್ಪ ಸವರಿದ ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನಿ.