ಗುಂಡಿ, ಬಾವಿಗಳಲ್ಲಿ ಶಾಖ ಮತ್ತು ಉಷ್ಣತೆ

ಸಸಿ ನೆಡುವ ಗುಂಡಿ, ಗೊಬ್ಬರದ ಗುಂಡಿ, ಗೋಬರ್ ಗ್ಯಾಸ್ ಗುಂಡಿ, ನೀರಿನ ಬಾವಿ - ನಮ್ಮ ತೋಟಗಳಲ್ಲಿ ಇವೆಲ್ಲವೂ ನೆಲದಲ್ಲಿ ತೋಡಿದವೇ. ಆದರೆ ಒಂದೊಂದರ ಗುಣ ಒಂದೊಂದು ತೆರ. ಇದನ್ನು ಅರಿತರೆ ಗೊಬ್ಬರ ಚೆನ್ನಾಗಿ ಕಳಿಯುತ್ತದೆ. ಬಾವಿಗಿಳಿಯುವವರ ಪ್ರಾಣವೂ ಉಳಿಯುತ್ತದೆ.

ಶಾಖ ಒಂದು ಶಕ್ತಿ. ಉಷ್ಣತೆ ಬಿಸಿಯ ಮಟ್ಟ. ಒಂದು ಚೊಂಬು ನೀರನ್ನು ಕುದಿಸುವುದಕ್ಕಿಂತ ಹಂಡೆ ತುಂಬ ನೀರನ್ನು ಬೆಚ್ಚಗೆ ಮಾಡಲು ಹೆಚ್ಚು ಸೌದೆ ಬೇಕಷ್ಟೆ.

ನೆಡುವ ಗುಂಡಿ: ಹಗಲಿರುಳಿನ ಉಷ್ಣತೆಯ ಏರಿಳಿತ ಮಣ್ಣಿನಲ್ಲಿ ಎರಡು ಮೂರು ಅಡಿ ಆಳಕ್ಕೆ ಹೋಗುವಷ್ಟರಲ್ಲಿ ಬಹುಮಟ್ಟಿಗೆ ಅಡಗುತ್ತದೆ. 90 ಸೆಂಟಿಮೀಟರ್ ಆಳದ ಅಡಿಕೆ ಗುಂಡಿಯ ತಳಮಣ್ಣು ತಂಪಾಗಿರುವುದು ಇದರಿಂದಲೇ. ಬೆಳಿಗ್ಗೆ, ಸಂಜೆ ಗುಂಡಿಯ ಗೋಡೆಯೇ ಸಸಿಗೆ ನೆರಳು.

ಗೊಬ್ಬರದ ಗುಂಡಿ: ಇಲ್ಲಿ ಶಾಖ ಹೊರಗಿನಿಂದ ಬರುವುದಲ್ಲ, ಗಾಳಿಯಾಡುವ ಕಡೆ ಸೂಕ್ಷ್ಮಜೀವಿಗಳು ಕಸವನ್ನು ಕಳಿಸುವಾಗ ಹುಟ್ಟುತ್ತದೆ. ಉಷ್ಣತೆ 55ರಿಂದ 65 ಡಿಗ್ರಿ ಸೆಂಟಿಗ್ರೇಡ್‌ಗೆ ಏರಿ ಕೆಲವು ದಿನ ನಿಂತರೆ ಕಳೆಬೀಜಗಳೂ ಅನೇಕ ರೋಗಾಣುಗಳೂ ಸಾಯುತ್ತವೆ. ರಾಶಿ ತೀರಾ ಚಿಕ್ಕದಾದರೆ ಶಾಖ ಸೋರಿಹೋಗುತ್ತದೆ. ಒಂದು ಕಬ್ಬಿಣದ ಸರಳನ್ನು ರಾಶಿಯ ನಡುವೆ ಹತ್ತು ನಿಮಿಷ ಚುಚ್ಚಿಟ್ಟು ತೆಗೆದು, ಮೆಲ್ಲನೆ ಮುಟ್ಟಿ ನೋಡಿರಿ. ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಿದ್ದರೆ ಕೆಲಸ ಸರಿಯಾಗಿ ನಡೆದಿದೆ. ತಣ್ಣಗಿದ್ದರೆ ರಾಶಿಯನ್ನು ಮಗುಚಿ, ಒಣಗಿದ್ದಲ್ಲಿ ನೀರು ಚಿಮುಕಿಸಬೇಕು.

ಗೋಬರ್ ಗ್ಯಾಸ್ ಗುಂಡಿ: ಅದೇ ಸಗಣಿ, ಆದರೆ ಇಲ್ಲಿ ಗಾಳಿಯಿಲ್ಲ. ಶಕ್ತಿಯ ಬಹುಪಾಲು ಅನಿಲದಲ್ಲೇ ಉಳಿದು ನಮ್ಮ ಒಲೆಯಲ್ಲಿ ಶಾಖವಾಗುತ್ತದೆ. ಗುಂಡಿ ತಾನಾಗಿ ಹೆಚ್ಚು ಬಿಸಿಯಾಗುವುದಿಲ್ಲ. ಸುಮಾರು 35 ಡಿಗ್ರಿಯಲ್ಲಿ ಅನಿಲ ಚೆನ್ನಾಗಿ ಬರುತ್ತದೆ. ಮಳೆಗಾಲದ ಥಂಡಿಯಲ್ಲಿ ಕಡಿಮೆಯಾಗುವುದು ಸಹಜ.

ಬಾವಿ: ಆಳದ ಬಾವಿಯ ನೀರಿನ ಉಷ್ಣತೆ ವರ್ಷವಿಡೀ ಹೆಚ್ಚು ಬದಲಾಗದು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ ಎನಿಸುವುದು ಹೊರಗಿನ ಹವೆ ಬದಲಾಗುವುದರಿಂದ. ಇನ್ನೂ ಬಹು ಆಳಕ್ಕಿಳಿದರೆ ಭೂಮಿಯ ಒಳಶಾಖ ತಾಗುತ್ತದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ಸುಮಾರು 3 ಕಿಲೋಮೀಟರ್ ಆಳದ ಬಂಡೆಯ ಉಷ್ಣತೆ 60 ಡಿಗ್ರಿಯನ್ನು ಮೀರಿತ್ತು.

ಬೇಸಿಗೆಯಲ್ಲಿ ಎಚ್ಚರ: ಬಾವಿಯ ಹೂಳೆತ್ತುವುದು ಬೇಸಿಗೆಯಲ್ಲಿ. ಆಗ ಒಳಗಿನ ಗಾಳಿ ಹೊರಗಿನದಕ್ಕಿಂತ ತಂಪು, ಆದ್ದರಿಂದ ಭಾರ. ಅದು ಮೇಲೇಳದೆ ತಳದಲ್ಲೇ ನಿಲ್ಲುತ್ತದೆ. ಕೊಳೆತ ಎಲೆಯಿಂದ ಹುಟ್ಟುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಅದೂ ಅಲ್ಲೇ ತುಂಬಿಕೊಳ್ಳುತ್ತದೆ. ಇಳಿಸಿದ ದೀಪ ಆರಿದರೆ ಯಾರೂ ಇಳಿಯಬಾರದು. ಆರದಿದ್ದರೂ ವಿಷಾನಿಲ ಇಲ್ಲವೆಂದು ಹೇಳಲಾಗದು. ಗ್ಯಾಸ್ ಗುಂಡಿಯ ಬಳಿಯಂತೂ ದೀಪ ತರಲೇಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ; ಅದರೊಳಗೆ ನಾವಾಗಿ ಇಳಿಯಲೂಬಾರದು. ಬಾವಿಗೆ ಗಾಳಿಯೂದುವ ಯಂತ್ರದಿಂದ ಹೊಸ ಗಾಳಿ ಹಾಯಿಸುತ್ತಲೇ ಇರಬೇಕು. ಇಳಿಯುವವರ ಮೈಗೆ ಹಗ್ಗ ಕಟ್ಟಿ, ಎಳೆಯಲು ಮೇಲೆ ಜನರಿರಬೇಕು. ಒಬ್ಬರು ಒಳಗೆ ಕುಸಿದರೆ ಎತ್ತಲೆಂದು ಇನ್ನೊಬ್ಬರು ಹಾಗೆಯೇ ಇಳಿಯಬಾರದು. ಹಗ್ಗ ಎಳೆದು, ಅಗ್ನಿಶಾಮಕ ದಳವನ್ನು ಕರೆಯಬೇಕು. ಹೂಳು ಒಂದು ದಿನ ತಡವಾಗಿ ಎತ್ತಿದರೆ ನಮಗೇನೂ ನಷ್ಟವಿಲ್ಲ.